ಬಟನ್ ಫೋನಲ್ಲಿ ಮೆಸೇಜ್ ತೊಂದ್ರೆ: ವಾಪಸ್ ಕೊಡೋ ಮುಂಚೆ ಈ ರಿವ್ಯೂ ಓದಿ

ಕಾಲ್ ಮಾಡೋಕೆ ಒಂದು ಸಾದಾ ಫೋನ್ ಬೇಕು ಅನ್ನೋರಿಗೆ ಈ ಬಟನ್ ಫೋನ್ ಧಾರಾಳವಾಗಿ ತಗೊಳಿ ಅಂತೀನಿ, ದನಿ ಜೋರಾಗಿ ಸ್ಪಷ್ಟವಾಗಿ ಕೇಳುತ್ತೆ, ಚಾರ್ಜ್ ಹಾಕೋದೇ ಮರೆತು ಹೋಗೋಷ್ಟು ಬ್ಯಾಟರಿ ಬರುತ್ತೆ, ಬಟನ್‌ಗಳು ಉಬ್ಬಿರೋದ್ರಿಂದ ನೋಡದೇನೇ ಒತ್ತಬಹುದು. ಮೆಸೇಜ್ ವಿಷಯ ಮಾತ್ರ ಬೇರೆ. ಡಬ್ಬದಿಂದ ತೆಗೆದು ಸಿಮ್ ಹಾಕಿದ ತಕ್ಷಣ ಎಲ್ಲಾ ಸರಿಯಾಗಿ ನಡೆಯುತ್ತೆ ಅಂತ ನಂಬ್ಕೊಂಡು ಕೂತ್ರೆ ಕೆಲವರಿಗೆ ನಿರಾಸೆ ಗ್ಯಾರಂಟಿ. ಕಂಪನಿ ಹೆಸರು ಬರೀತಿಲ್ಲ, ಯಾಕಂದ್ರೆ ಈ ತೊಂದ್ರೆಗಳು ಈ ಒಂದು ಮಾಡೆಲ್‌ದಲ್ಲ, ಕೀಪ್ಯಾಡ್ ಫೋನ್ ಯಾವ್ದು ತಗೊಂಡ್ರೂ ಒಂದಲ್ಲ ಒಂದು ಎದುರಾಗುತ್ತೆ.

ನನಗೆ ನಿಜವಾಗ್ಲೂ ಸಿಟ್ಟು ಬಂದಿದ್ದು ಇದಕ್ಕೆ. ಮೆಸೇಜ್ ಹೋಗ್ಲಿಲ್ಲ ಅಂದ್ರೆ ಫೋನ್ ಹೇಳೋದು ಒಂದೇ ಮಾತು, ಮೆಸೇಜ್ ಫೇಲ್ಡ್, ಅಷ್ಟೇ. ಯಾಕೆ ಹೋಗ್ಲಿಲ್ಲ, ಬ್ಯಾಲೆನ್ಸ್ ಇಲ್ವಾ, ಸಿಗ್ನಲ್ ಇಲ್ವಾ, ಸೆಟ್ಟಿಂಗ್ ತಪ್ಪಾ, ಏನೂ ಹೇಳಲ್ಲ, ಜೊತೆಗೆ ಬರೋ ಪುಟ್ಟ ಪುಸ್ತಕದಲ್ಲೂ ಇದರ ಬಗ್ಗೆ ಒಂದು ಸಾಲಿಲ್ಲ. ವಯಸ್ಸಾದವರು, ಸ್ಮಾರ್ಟ್‌ಫೋನ್ ಬೇಡ ಅನ್ನೋರು ಕೊಂಡ್ಕೊಳೋ ಫೋನ್ ಇದು, ಅವರಿಗೆ ಕಾರಣ ಬಿಡಿಸಿ ಹೇಳಬೇಡ್ವಾ? ಈ ರಿವ್ಯೂ ಬರೆಯೋಕೆ ಮುಖ್ಯ ಕಾರಣಾನೇ ಇದು.

ಕಾಲ್ ಚೆನ್ನಾಗಿ ಹೋಗುತ್ತೆ, ಬೇರೆಯವರ ಮೆಸೇಜ್ ಬರುತ್ತೆ, ನಾವು ಕಳಿಸೋದು ಮಾತ್ರ ಹೋಗಲ್ಲ ಅಂದ್ರೆ ಮೊದಲು ನೋಡಬೇಕಾದ್ದು ಮೆಸೇಜ್ ಸೆಂಟರ್ ನಂಬರ್. ನಾವು ಕಳಿಸಿದ ಎಸ್ಸೆಮ್ಮೆಸ್ ನೇರವಾಗಿ ಆ ಕಡೆಯವರ ಫೋನಿಗೆ ಹೋಗಲ್ಲ, ಮೊದಲು ನೆಟ್‌ವರ್ಕ್ ಕಂಪನಿಯ ಮೆಸೇಜ್ ಸೆಂಟರಿಗೆ ಹೋಗಿ ಅಲ್ಲಿಂದ ಅವರಿಗೆ ಹೋಗುತ್ತೆ, ಆ ಸೆಂಟರಿನ ನಂಬರ್ ಖಾಲಿ ಇದ್ರೆ ಅಥವಾ ಒಂದು ಅಂಕಿ ಆಚೀಚೆ ಆಗಿದ್ರೆ ನಮ್ಮ ಮೆಸೇಜ್ ಫೋನ್ ಬಿಟ್ಟು ಮುಂದಕ್ಕೇ ಹೋಗಲ್ಲ. ಬರೋ ಮೆಸೇಜ್‌ಗಳು ಕಳಿಸಿದವರ ಸೆಂಟರಿಂದ ಬರೋದ್ರಿಂದ ಅವಕ್ಕೆ ಏನೂ ಆಗಲ್ಲ, ಕಾಲ್‌ಗೂ ಈ ನಂಬರ್‌ಗೂ ಸಂಬಂಧ ಇಲ್ಲ, ಹಂಗಾಗಿ ಫೋನ್ ಸರಿಯಿದೆ ಅಂತ್ಲೇ ಅನ್ಸುತ್ತೆ. ಮೆಸೇಜ್ ಒಳಗೆ ಸೆಟ್ಟಿಂಗ್ಸ್‌ಗೆ ಹೋದ್ರೆ ಮೆಸೇಜ್ ಸೆಂಟರ್ ಅಂತ ಇರುತ್ತೆ, ಪ್ಲಸ್ ಗುರುತು ಮತ್ತೆ ದೇಶದ ಕೋಡ್ ಸೇರಿಸಿ ನಂಬರ್ ಹಾಕಿ ಸೇವ್ ಮಾಡಿ. ನಂಬರ್ ಮಾತ್ರ ನಿಮ್ಮ ನೆಟ್‌ವರ್ಕ್‌ನ ಕಸ್ಟಮರ್ ಕೇರ್ ಹತ್ರಾನೇ ಕೇಳಿ ತಗೊಳಿ, ಎಲ್ಲೋ ಸಿಕ್ಕ ಹಳೇ ಪಟ್ಟಿ ನೋಡಿ ಹಾಕ್ಬೇಡಿ. ಈ ನಂಬರ್ ಸಾಮಾನ್ಯವಾಗಿ ಸಿಮ್ ಒಳಗೇ ಉಳಿಯುತ್ತೆ, ಹಾಗಾಗಿ ನಿಮ್ಮ ಫೋನಲ್ಲಿ ಆ ಮೆನು ಸಿಗದಿದ್ರೆ ಸಿಮ್ ತೆಗೆದು ಬೇರೆ ಫೋನಿಗೆ ಹಾಕಿ ಅಲ್ಲಿ ಸರಿ ಮಾಡಿ ವಾಪಸ್ ಹಾಕಿದ್ರೂ ನಡೆಯುತ್ತೆ. ಎರಡು ಸಿಮ್ ಇದ್ರೆ ಒಂದೊಂದಕ್ಕೂ ಅದರದ್ದೇ ಸೆಂಟರ್ ನಂಬರ್ ಸೆಟ್ಟಿಂಗ್ ಇರುತ್ತೆ, ಎರಡನ್ನೂ ನೋಡಿ.

ಇನ್ನೊಂದು, ಕಡಿಮೆ ಜನಕ್ಕೆ ಗೊತ್ತಿರೋದು. ಮಕ್ಕಳ ಕೈಗೆ, ದೊಡ್ಡವರ ಕೈಗೆ ಕೊಡೋ ಫೋನಲ್ಲಿ ಕೆಲವರು ಫಿಕ್ಸೆಡ್ ಡಯಲಿಂಗ್ ಆನ್ ಮಾಡಿಡ್ತಾರೆ, ಪಟ್ಟಿಯಲ್ಲಿರೋ ನಂಬರ್‌ಗೆ ಮಾತ್ರ ಕಾಲ್ ಹೋಗ್ಲಿ ಅಂತ. ಅದು ಆನ್ ಇದ್ದಾಗ ಮೆಸೇಜ್ ಹೋಗ್ಬೇಕಂದ್ರೆ ಆ ಕಡೆಯವರ ನಂಬರ್ ಜೊತೆ ಮೆಸೇಜ್ ಸೆಂಟರ್ ನಂಬರನ್ನೂ ಅದೇ ಪಟ್ಟಿಗೆ ಸೇರಿಸ್ಬೇಕು. ಇಲ್ಲಾಂದ್ರೆ ಕಾಲ್ ಹೋಗುತ್ತೆ, ಮೆಸೇಜ್ ಹೋಗಲ್ಲ.

ಮೆಸೇಜ್ ಬರ್ತಾನೇ ಇಲ್ಲ ಅನ್ನೋದು ಬೇರೆ ಕಥೆ. ಹೆಚ್ಚಿನ ಸಲ ಜಾಗ ತುಂಬಿರುತ್ತೆ ಅಷ್ಟೆ. ಈ ಫೋನ್ ಮೊದಲಿಂದಾನೇ ಮೆಸೇಜ್‌ಗಳನ್ನ ಸಿಮ್‌ನಲ್ಲಿ ಉಳಿಸೋ ಹಾಗೆ ಸೆಟ್ ಆಗಿ ಬಂದಿತ್ತು, ಸಿಮ್‌ನಲ್ಲಿ ಹಿಡಿಯೋದು ಸ್ವಲ್ಪ ಮೆಸೇಜ್ ಮಾತ್ರ, ಆಫರ್ ಮೆಸೇಜ್‌ಗಳು ಬಂದು ಬಂದು ಬೇಗ ತುಂಬ್ಕೊಳುತ್ತೆ, ಆಮೇಲೆ ಹೊಸದಕ್ಕೆ ಜಾಗ ಇರಲ್ಲ. ಸ್ಕ್ರೀನ್ ಮೇಲೆ ಲಕೋಟೆ ಚಿತ್ರ ಮಿಣುಕ್ತಾ ಇದ್ರೆ ಅದರ ಅರ್ಥ ಇದೇ. ಹಳೇದೆಲ್ಲ ಅಳಿಸಿ, ಸ್ಟೋರೇಜ್ ಅನ್ನೋ ಕಡೆ ಸಿಮ್ ಬದಲು ಫೋನ್ ಅಂತ ಬದಲಾಯಿಸಿ, ಸೆಂಟರಲ್ಲಿ ಕಾಯ್ತಿದ್ದ ಮೆಸೇಜ್‌ಗಳು ಅವುಗಳ ಅವಧಿ ಮುಗಿದಿಲ್ಲ ಅಂದ್ರೆ ಒಂದರ ಹಿಂದೆ ಒಂದು ಬಂದು ಬೀಳುತ್ತವೆ. ಓಟಿಪಿ ಬರಲ್ಲ ಅಂತ ಒದ್ದಾಡೋರು ಬ್ಯಾಂಕಿಗೆ ಫೋನ್ ಮಾಡೋ ಮುಂಚೆ ಇದನ್ನ ನೋಡಿ.

ಜಾಗ ಇದೆ, ಎಲ್ಲರ ಮೆಸೇಜೂ ಬರುತ್ತೆ, ಐಫೋನ್ ಇರೋರ ಮೆಸೇಜ್ ಮಾತ್ರ ಬರಲ್ಲ ಅಂತಾದ್ರೆ, ಆ ಸಿಮ್ ಮುಂಚೆ ಐಫೋನಲ್ಲಿತ್ತಾ ಅಂತ ಯೋಚ್ನೆ ಮಾಡಿ. ನಂಬರ್ ಇನ್ನೂ ಐಮೆಸೇಜ್‌ನಲ್ಲಿ, ಅಂದ್ರೆ ಆಪಲ್‌ನವರದ್ದೇ ಮೆಸೇಜ್ ಸೇವೆಯಲ್ಲಿ, ನೋಂದಣಿ ಆಗೇ ಇದ್ರೆ ಬೇರೆ ಐಫೋನಿನವರು ಕಳಿಸಿದ್ದು ಇಂಟರ್ನೆಟ್ ಮೂಲಕ ಆ ಹಳೇ ಖಾತೆಗೇ ಹೋಗುತ್ತೆ, ಈ ಫೋನಿಗೆ ಎಸ್ಸೆಮ್ಮೆಸ್ ಆಗಿ ಬರೋದೇ ಇಲ್ಲ. ಸಿಮ್ ತೆಗೆಯೋ ಮುಂಚೆ ಹಳೇ ಫೋನಲ್ಲಿ ಐಮೆಸೇಜ್ ಆಫ್ ಮಾಡ್ಬೇಕು, ಹಳೇ ಫೋನ್ ಕೈಲಿಲ್ಲ ಅಂದ್ರೆ ಆಪಲ್ ವೆಬ್‌ಸೈಟಲ್ಲೇ ನಂಬರ್ ತೆಗೆಸೋ ಪುಟ ಇದೆ, ಒಂದು ಕೋಡ್ ಬರುತ್ತೆ, ಹಾಕಿದ್ರೆ ಆಯ್ತು. ಆಂಡ್ರಾಯ್ಡಿಂದ ಬಂದೋರು ಗೂಗಲ್ ಮೆಸೇಜಸ್‌ನಲ್ಲಿ ಆರ್‌ಸಿಎಸ್ ಚಾಟ್ ಆಫ್ ಮಾಡಿ ಬನ್ನಿ, ಅದೂ ಐಮೆಸೇಜ್ ತರಾನೇ ಇಂಟರ್ನೆಟ್ ಮೂಲಕ ಹೋಗೋ ಮೆಸೇಜ್. ಸ್ಮಾರ್ಟ್‌ಫೋನ್ ಬಿಟ್ಟು ಬಟನ್ ಫೋನಿಗೆ ಬರೋರು ಈಗ ಕಾಣಿಸ್ತಾ ಇದಾರೆ, ಅವರು ಸಿಕ್ಕಿಹಾಕ್ಕೊಳೋದು ಇಲ್ಲೇ, ಫೋನ್‌ದು ಇದರಲ್ಲಿ ಒಂಚೂರೂ ತಪ್ಪಿಲ್ಲ.

ಟೈಪಿಂಗ್ ಬಗ್ಗೆ. ಇಂಗ್ಲಿಷ್‌ನಲ್ಲಿ ಎಸ್ ಅಕ್ಷರ ಬೇಕಂದ್ರೆ 7ನ್ನ ನಾಲ್ಕು ಸಲ ಒತ್ತಬೇಕು, ಅದಕ್ಕೆ ಡಿಕ್ಷನರಿ, ಅಂದ್ರೆ ಒಂದೊಂದು ಅಕ್ಷರಕ್ಕೆ ಒಂದೊಂದೇ ಸಲ ಒತ್ತಿದ್ರೂ ಫೋನೇ ಇಂಗ್ಲಿಷ್ ಪದ ಊಹಿಸೋದು, ಆನ್ ಮಾಡ್ಕೊಂಡ್ರೆ ಬೇಗ ಆಗುತ್ತೆ, ಆದ್ರೆ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆಯೋರು ಅದನ್ನ ಆಫ್ ಮಾಡಿಡಿ, ಬರೆದಿದ್ದೊಂದು ಕಾಣೋದೊಂದು ಆಗ್ತಿದ್ರೆ ಅದೇ ಕಾರಣ. ಈ ಫೋನಲ್ಲಿ ಹ್ಯಾಶ್ ಬಟನ್ ಒತ್ತಿದ್ರೆ ಮೋಡ್ ಬದಲಾಗುತ್ತೆ.

ಕನ್ನಡದಲ್ಲೇ ಬರೀತೀನಿ ಅನ್ನೋರಿಗೆ ಲೆಕ್ಕ ಬೇರೆ. ಒಂದು ಎಸ್ಸೆಮ್ಮೆಸ್‌ಗೆ ಇರೋ ಜಾಗ 140 ಬೈಟ್, ಸಾದಾ ಇಂಗ್ಲಿಷ್ ಅಕ್ಷರ ಆದ್ರೆ ಅದರಲ್ಲಿ 160 ಹಿಡಿಯುತ್ತೆ, ಕನ್ನಡ ಆದ್ರೆ 70 ಅಷ್ಟೇ, ಅದರಲ್ಲೂ ಒತ್ತಕ್ಷರ, ಗುಣಿತ ಎಲ್ಲಾ ಬೇರೆ ಬೇರೆ ಎಣಿಕೆ, ಕ್ಷಮಿಸಿ ಅಂತ ಬರೆದ್ರೆ ಕಣ್ಣಿಗೆ ಕಾಣೋದು 3, ಫೋನ್ ಎಣಿಸೋದು 7. 70 ದಾಟಿದ್ರೆ ಮೆಸೇಜ್ ತುಂಡಾಗುತ್ತೆ, ಜೋಡಿಸೋ ಮಾಹಿತಿಗೂ ಜಾಗ ಬೇಕಲ್ಲ, ಹಂಗಾಗಿ ಒಂದೊಂದು ತುಂಡಿಗೆ 67 ಮಾತ್ರ, ಮತ್ತೆ ಒಂದೊಂದು ತುಂಡೂ ಒಂದೊಂದು ಮೆಸೇಜ್ ಅಂತ ಲೆಕ್ಕಕ್ಕೆ ಹೋಗುತ್ತೆ. ಇಂಗ್ಲಿಷ್ ಮೆಸೇಜಲ್ಲಿ ಒಂದೇ ಒಂದು ಇಮೋಜಿ ಸೇರಿಸಿದ್ರೂ ಇಡೀ ಮೆಸೇಜ್ 70ರ ಲೆಕ್ಕಕ್ಕೆ ಇಳಿಯುತ್ತೆ. ಬರೀವಾಗ ಸ್ಕ್ರೀನ್ ಮೇಲಿನ ಮೂಲೆಯಲ್ಲಿ ಒಂದು ಸಣ್ಣ ಸಂಖ್ಯೆ ಕಮ್ಮಿ ಆಗ್ತಾ ಹೋಗುತ್ತಲ್ಲ, ಅದರ ಮೇಲೆ ಕಣ್ಣಿಟ್ಟಿರಿ, ಅದು ದಿಢೀರ್ ಅಂತ ಅರ್ಧಕ್ಕಿಂತ ಕೆಳಗೆ ಬಿದ್ರೆ ಎಲ್ಲೋ ಒಂದು ಬೇರೆ ಲಿಪಿಯ ಅಕ್ಷರ ಸೇರ್ಕೊಂಡಿದೆ ಅಂತ.

ಓದೋರ ಫೋನಲ್ಲಿ ಕನ್ನಡ ಫಾಂಟ್ ಇಲ್ಲಾಂದ್ರೆ ಬರೀ ಚೌಕಗಳು ಕಾಣುತ್ತೆ, ಇದಕ್ಕೆ ಸೆಟ್ಟಿಂಗಲ್ಲಿ ಮದ್ದಿಲ್ಲ. ಈ ಫೋನ್ ಕನ್ನಡ ತೋರಿಸುತ್ತೆ, ಒತ್ತಕ್ಷರಾನೂ ಸರಿಯಾಗಿ ಕೂರುತ್ತೆ, ಅದಕ್ಕೆ ಪೂರ್ತಿ ಮಾರ್ಕ್ಸ್ ಕೊಡ್ತೀನಿ. ಕೊಳ್ಳೋ ಮುಂಚೆ ಯಾರಿಂದಾದ್ರೂ ಒಂದು ಕನ್ನಡ ಮೆಸೇಜ್ ತರಿಸಿ ನೋಡಿ, ಡಬ್ಬದ ಮೇಲೆ ಬರೆದಿರೋ ಭಾಷೆ ಪಟ್ಟಿ ಮೆನುಗೆ ಮಾತ್ರ ಇರ್ಬಹುದು.

ಫೋಟೋ ಇರೋ ಮೆಸೇಜ್, ಗ್ರೂಪ್ ಮೆಸೇಜ್ ಬಗ್ಗೆ ಆಸೆ ಇಟ್ಕೋಬೇಡಿ. ಅವು ಎಂಎಂಎಸ್ ಆಗಿ ಬರುತ್ತೆ, ಡೇಟಾ ಮತ್ತೆ ಅದರದ್ದೇ ಸೆಟ್ಟಿಂಗ್ ಬೇಕು, ಈ ಫೋನಲ್ಲಿ ತೆರೆಯೋದೇ ಇಲ್ಲ.

ಡೆಲಿವರಿ ರಿಪೋರ್ಟ್ ಆನ್ ಮಾಡಿಡಿ, ತಲುಪಿತಾ ಇಲ್ವಾ ಅಂತ ಗೊತ್ತಾಗುತ್ತೆ, ಸೆಂಟ್ ಅಂತ ಬಂದ್ರೆ ಸೆಂಟರಿಗೆ ಹೋಗಿದೆ ಅಂತ ಮಾತ್ರ. ಅಲ್ಲೇ ಕೆಳಗೆ ವ್ಯಾಲಿಡಿಟಿ ಅಂತ ಇರುತ್ತೆ, ಅದು 1 ಗಂಟೆ ಅಂತಿದ್ರೆ ಆ ಕಡೆ ಫೋನ್ ಸ್ವಿಚ್ ಆಫ್ ಇದ್ದಾಗ ಮೆಸೇಜ್ 1 ಗಂಟೆ ಕಾದು ಬಿದ್ದೋಗುತ್ತೆ, ಮ್ಯಾಕ್ಸಿಮಮ್ ಇಡಿ.

ನನಗೆ ಇನ್ನೂ ಬೇಜಾರಿರೋದು ಅಳಿಸೋ ವಿಷಯದಲ್ಲಿ. ಒಂದೊಂದೇ ಅಳಿಸ್ಬೇಕು, ಇಲ್ಲಾಂದ್ರೆ ಎಲ್ಲಾ ಒಟ್ಟಿಗೆ ಹೋಗುತ್ತೆ, ಬೇಕಾದ್ದನ್ನ ಮಾತ್ರ ಗುರುತು ಮಾಡಿ ಉಳಿಸ್ಕೊಳೋ ದಾರಿ ಇಲ್ಲ. ಮನೆಯವರ ಮೆಸೇಜ್ ಯಾವ್ದಾದ್ರೂ ಇಟ್ಕೋಬೇಕು ಅಂದ್ರೆ ಎಲ್ಲಾ ಅಳಿಸು ಅನ್ನೋದನ್ನ ಒತ್ತೋ ಮುಂಚೆ ಒಂದು ಪುಸ್ತಕದಲ್ಲಿ ಬರೆದಿಟ್ಕೊಳಿ.