ಬ್ಲೆಂಡರ್ ಮತ್ತು ಡ್ರ್ಯಾಗನ್‌ಎಫ್‌ಎಫ್: ಅಂಬಾಸಿಡರ್ ಕಾರನ್ನು ಸ್ಯಾನ್ ಆಂಡ್ರಿಯಾಸ್‌ಗೆ ತಂದ ಬಗೆ

ಅಸೆಟ್ಟೊ ಕೊರ್ಸಾ ಎಂಬ ಕಾರು ರೇಸಿನ ಕಂಪ್ಯೂಟರ್ ಆಟಕ್ಕೆಂದು ಸ್ನೇಹಿತರೊಬ್ಬರು ಸ್ವತಃ ರೂಪಿಸಿದ್ದ ಅಂಬಾಸಿಡರ್ ಕಾರನ್ನು, ಅವರ ಒಪ್ಪಿಗೆ ಪಡೆದು, 2005ರಲ್ಲಿ ಪಿಸಿಗೆ ಬಂದ ಜಿಟಿಎ ಸ್ಯಾನ್ ಆಂಡ್ರಿಯಾಸ್‌ಗೆ ಹೊಂದಿಸಲು ಬ್ಲೆಂಡರ್ ಎಂಬ ತ್ರೀಡಿ ಮಾದರಿ ರೂಪಿಸುವ ತಂತ್ರಾಂಶವನ್ನೂ, ಈ ಆಟದ ಕಡತಗಳನ್ನು ಓದಿ ಬರೆಯಲೆಂದು ಅದಕ್ಕೆ ಜೋಡಿಸುವ ಡ್ರ್ಯಾಗನ್‌ಎಫ್‌ಎಫ್ ಆಡ್‌ಆನನ್ನೂ ಬಳಸಿದೆ. ಎರಡೂ ಉಚಿತ. ಈ ಕೆಲಸಕ್ಕೆ ಬಹುಕಾಲದಿಂದ ಹೆಸರಾದ ಝೆಡ್‌ಮಾಡೆಲರ್‌ನ ಮೂರನೆಯ ಆವೃತ್ತಿಗೆ ಹಣ ಕಟ್ಟಿ ಪರವಾನಗಿ ಪಡೆಯಬೇಕಾದ್ದರಿಂದ, ಹವ್ಯಾಸಿಗಳಿಗೆ ಈ ಜೋಡಿ ಸಾಕಾದೀತೇ ಎಂದು ತಿಳಿಯುವುದು ನನ್ನ ಉದ್ದೇಶವಾಗಿತ್ತು.

ಖಂಡಿತ ಸಾಕು, ಆದರೆ ಈ ಕೆಲಸವನ್ನು ‘ಕನ್ವರ್ಟ್’ ಎನ್ನುವುದು ತುಸು ಮೋಸದ ಮಾತು. ಒಂದು ಗುಂಡಿ ಒತ್ತಿ, ಎಫ್‌ಬಿಎಕ್ಸ್ ಎಂಬ ಸಾಮಾನ್ಯ ತ್ರೀಡಿ ಕಡತವನ್ನು ಸ್ಯಾನ್ ಆಂಡ್ರಿಯಾಸ್‌ನ ಮಾದರಿ ಕಡತವಾದ ಡಿಎಫ್‌ಎಫ್ ಮಾಡಿದರೆ ಸಿಗುವುದು ಕಾರಲ್ಲ, ಕಾರಿನ ಪ್ರತಿಮೆ. ಅಸೆಟ್ಟೊ ಕೊರ್ಸಾದಲ್ಲಿ ನಾಲ್ಕು ಚಕ್ರಗಳಿಗೆ ನಾಲ್ಕು ಮೆಶ್ (ತ್ರಿಕೋನಗಳಿಂದ ಹೆಣೆದ ಆಕಾರ) ಇದ್ದವು. ಸ್ಯಾನ್ ಆಂಡ್ರಿಯಾಸ್ ಮುಂದಿನ ಬಲಗಡೆಯ ಡಮ್ಮಿಗೆ (ಬಿಡಿಭಾಗದ ಜಾಗ ತೋರಿಸುವ, ಕಣ್ಣಿಗೆ ಕಾಣದ ಗುರುತಿಗೆ) ಕಟ್ಟಿದ ಒಂದೇ ಚಕ್ರವನ್ನು ಮಿಕ್ಕ ಮೂರು ಡಮ್ಮಿಗಳ ಜಾಗದಲ್ಲಿ ತಾನೇ ನಕಲು ಮಾಡಿಕೊಳ್ಳುತ್ತದೆ. ಡಿಎಫ್‌ಎಫ್‌ನಲ್ಲಿ ತ್ರಿಕೋನಗಳ ಮೂಲೆಬಿಂದುಗಳನ್ನು ಗುರುತಿಸುವ ಸಂಖ್ಯೆ 16 ಬಿಟ್‌ನದಾದ್ದರಿಂದ ಒಂದು ಮೆಶ್‌ನಲ್ಲಿ ಸುಮಾರು 65,000ಕ್ಕಿಂತ ಹೆಚ್ಚು ಬಿಂದುಗಳಿಗೆ ಎಡೆಯಿಲ್ಲ. ಬ್ಲೆಂಡರ್‌ನ ಡೆಸಿಮೇಟ್ ಎಂಬ ಸೌಲಭ್ಯದಿಂದ ಬಿಂದುಗಳನ್ನು ಇಳಿಸಹೋದಾಗ ಅಂಬಾಸಿಡರಿನ ಆ ದುಂಡನೆಯ ಬಾನೆಟ್ ತಗ್ಗುದಿಣ್ಣೆಯಾಯಿತು. ಕೊನೆಗೆ ಕೈಯಿಂದಲೇ ಸವರಬೇಕಾಯಿತು.

ಹೆಚ್ಚು ಹೊತ್ತು ಹಿಡಿದದ್ದು ಬಾಗಿಲು. ಮೂಲ ಕಾರು ರೇಸಿಗೆಂದು ಮಾಡಿದ್ದು, ಅದರ ಬಾಗಿಲು ದೇಹಕ್ಕೆ ಅಂಟಿಕೊಂಡೇ ಇತ್ತು. ಈ ಆಟದಲ್ಲೋ ಬಾಗಿಲು ತೆರೆಯಬೇಕು, ಗುದ್ದಿದರೆ ನಜ್ಜುಗುಜ್ಜಾಗಬೇಕು. ಹಾಗಾಗಿ ಪ್ರತಿ ಬಾಗಿಲನ್ನೂ ಕತ್ತರಿಸಿ, ಒಳಮೈ ಕಟ್ಟಿ, ಸರಿಯಿರುವ ರೂಪ ಒಂದು, ಜಜ್ಜಿದ ರೂಪ ಒಂದು ಎಂದು ಎರಡೆರಡು ಮೆಶ್ ಸಿದ್ಧಪಡಿಸಿದೆ. ಡಮ್ಮಿಯನ್ನು ಕೀಲಿನ ಬಳಿ ಇಡುವುದನ್ನು ಮರೆತು ಬಾಗಿಲ ನಡುವೆ ಇಟ್ಟಿದ್ದರಿಂದ, ಮೊದಲ ಸಲ ಹತ್ತಿದಾಗ ಬಾಗಿಲು ಗಿರಗಿಟ್ಲೆಯಂತೆ ತಿರುಗಿ ಅರ್ಧ ಸೀಟಿನೊಳಗೆ ಹೊಕ್ಕಿತು. ತಪ್ಪು ನನ್ನದೇ.

ಡ್ರ್ಯಾಗನ್‌ಎಫ್‌ಎಫ್ ನನ್ನ ಮೆಚ್ಚುಗೆ ಗಳಿಸಿದ್ದು ಬಣ್ಣದ ವಿಷಯದಲ್ಲಿ. ಮೆಟೀರಿಯಲ್‌ನ (ಮೆಶ್‌ನ ಮೇಲ್ಮೈಗೆ ಕೊಡುವ ಹೊದಿಕೆಯ) ಬಣ್ಣ ಕೆಂಪು, ಹಸಿರು, ನೀಲಿಯ ಕ್ರಮದಲ್ಲಿ 60, 255, 0 ಎಂದಿದ್ದರೆ ಮಾತ್ರ ಆಟವು ಅಲ್ಲಿ ಕಾರಿನ ಮೊದಲ ಬಣ್ಣವನ್ನು ಬಳಿಯುತ್ತದೆ. ಎರಡನೆಯ ಬಣ್ಣಕ್ಕೆ 255, 0, 175. ಒಂದಂಕಿ ತಪ್ಪಿದರೂ ಸರ್ಕಾರಿ ಬಿಳಿ ಅಂಬಾಸಿಡರ್ ಗಿಳಿಹಸಿರಾಗಿಯೇ ಉಳಿಯುತ್ತದೆ. ಈ ಅಂಕಿಗಳನ್ನು ಆಡ್‌ಆನ್ ಸಿದ್ಧಪಟ್ಟಿಯಲ್ಲಿಯೇ ಕೊಡುತ್ತದೆ. ಹೆಡ್‌ಲೈಟುಗಳಿಗೂ ಇದೇ ಅನುಕೂಲ. ಕಾರಿನ ಮೇಲ್ಮೈ ಚಿತ್ರಗಳನ್ನು ಹಿಡಿದಿಡುವ ಟಿಎಕ್ಸ್‌ಡಿ ಕಡತವನ್ನು ಕಟ್ಟಲು ನಾನು ಮ್ಯಾಜಿಕ್ ಟಿಎಕ್ಸ್‌ಡಿ ಎಂಬ ತಂತ್ರಾಂಶವನ್ನು ಬಳಸಿದೆ, ಅದರಲ್ಲಿ ಹೇಳಿಕೊಳ್ಳುವಂಥ ತೊಡಕೇನೂ ಇರಲಿಲ್ಲ.

ಬ್ಲೆಂಡರ್ ಎಂದೂ ಮುಟ್ಟದವರು ಇದರಿಂದ ಆರಂಭಿಸುವುದು ಬೇಡ. ಮೆಶ್ ಕತ್ತರಿಸಿ ಹೊಲಿಯುವಷ್ಟು ಕೈ ಪಳಗಿದವರಿಗೆ ಹಣ ಕೊಡುವ ಅಗತ್ಯ ನನಗೆ ಕಾಣಲಿಲ್ಲ. ಒಂದು ಆಟದ ಓಟದ ಲೆಕ್ಕಾಚಾರ ಇನ್ನೊಂದಕ್ಕೆ ಬರುವುದಿಲ್ಲವೆಂಬುದನ್ನು ಮಾತ್ರ ನೆನಪಿಡಬೇಕು. ತೂಕ, ಬ್ರೇಕ್, ಸಸ್ಪೆನ್ಷನ್ ಎಲ್ಲವನ್ನೂ ಹ್ಯಾಂಡ್ಲಿಂಗ್ ಕಡತದ ಒಂದು ಸಾಲಿನಲ್ಲಿ ಹೊಸದಾಗಿ ಬರೆಯಬೇಕು. ನಾನು ಆಟದಲ್ಲೇ ಇರುವ ಅಡ್ಮಿರಲ್ ಕಾರಿನ ಜಾಗದಲ್ಲಿ ಇದನ್ನು ಕೂರಿಸಿದ್ದೇನೆ. ಆ ಸಾಲನ್ನು ಇನ್ನೂ ತಿದ್ದಿ ಮುಗಿಸಿಲ್ಲವಾದ್ದರಿಂದ ನನ್ನ ಅಂಬಾಸಿಡರ್ ಸದ್ಯಕ್ಕೆ ಎರವಲು ವೇಗದಲ್ಲಿ ಓಡುತ್ತಿದೆ.