ಹೀಟರ್ ಕೊಳ್ಳುವ ಮೊದಲು ಈ ಥರ್ಮಾಮೀಟರ್ ಕೊಳ್ಳಿ

ತೀರ್ಥಹಳ್ಳಿ, ಹೊಸನಗರ ಕಡೆ ಹೋಂಸ್ಟೇ ನಡೆಸುವವರು ರೂಮ್ ಹೀಟರ್ ತರುವ ಯೋಚನೆಯಲ್ಲಿದ್ದರೆ ಸ್ವಲ್ಪ ತಡೆಯಿರಿ. ಮೊದಲು ಒಂದು ಥರ್ಮಾಮೀಟರ್ ತನ್ನಿ. ಗೋಡೆಗೆ ನೇತುಹಾಕುವ ಗಾಜಿನ ಕಡ್ಡಿ ಅಲ್ಲ. ಒಳಗೊಂದು ಡಿಸ್‌ಪ್ಲೇ, ಹೊರಗೊಂದು ಸೆನ್ಸರ್ ಇದ್ದು, ಎರಡೂ ಕಡೆಯ ತಾಪಮಾನವನ್ನು ಗಂಟೆಗೊಮ್ಮೆ ದಾಖಲಿಸಿ ಮೊಬೈಲಿಗೆ ಕಳಿಸುತ್ತದಲ್ಲ, ಅಂಥದ್ದು. ನಮ್ಮ ಹೆಂಚಿನ ಮನೆಯಲ್ಲಿ ಕಳೆದ ಚಳಿಗಾಲದಿಂದ ಇದೆ. ನನಗೆ ತುಂಬಾ ಇಷ್ಟವಾಗಿದೆ. ಆದರೆ ಅದರ ಆ್ಯಪ್ ತೋರಿಸುವ ಒಂದು ಲೆಕ್ಕವನ್ನು ಮಾತ್ರ ನಂಬಬೇಡಿ.

ಆ ಲೆಕ್ಕಕ್ಕೆ ಹೀಟಿಂಗ್ ಡಿಗ್ರಿ ಡೇ ಅನ್ನುತ್ತಾರೆ. ದಿನದ ಗರಿಷ್ಠ, ಕನಿಷ್ಠ ಎರಡನ್ನೂ ಕೂಡಿಸಿ ಅರ್ಧ ಮಾಡಿ, ಬಂದದ್ದನ್ನು 18ರಿಂದ ಕಳೆಯುವುದು. ಸರಾಸರಿ 10 ಇದ್ದರೆ ಆ ದಿನಕ್ಕೆ 8. ಸರಾಸರಿ 18 ದಾಟಿದರೆ ಸೊನ್ನೆ. ಇದನ್ನೇ ತಿಂಗಳಿಡೀ ಕೂಡಿಸಿದರೆ ಮನೆಗೆ ಎಷ್ಟು ಶಾಖ ಬೇಕು ಅನ್ನುವ ಅಂದಾಜು ಸಿಗುತ್ತದೆ. ಅಮೆರಿಕದಲ್ಲಿ 18.3, ಬ್ರಿಟನ್ನಿನಲ್ಲಿ 15.5 ಇಟ್ಟುಕೊಳ್ಳುತ್ತಾರೆ. ಒಳಗೆ 20 ಬೇಕಾದರೂ ಅಷ್ಟು ಕಮ್ಮಿ ಯಾಕೆ ಅಂದರೆ, ಜನರ ಮೈಶಾಖ, ಒಲೆ, ದೀಪ, ಕಿಟಕಿಯ ಬಿಸಿಲು ಇವೇ ಉಳಿದದ್ದನ್ನು ತುಂಬಿಕೊಡುತ್ತವೆ.

ಅಲ್ಲಿ ಹಗಲೂ ಚಳಿ, ರಾತ್ರಿಯೂ ಚಳಿ, ಸರಿಹೋಗುತ್ತದೆ. ನಮ್ಮಲ್ಲಿ ಜನವರಿಯಲ್ಲಿ ಮಧ್ಯಾಹ್ನ 30, ಬೆಳಗಿನ ಜಾವ 14 ಅಂತಿಟ್ಟುಕೊಳ್ಳಿ. ಸರಾಸರಿ 22, ಆ್ಯಪ್‌ನಲ್ಲಿ ಸೊನ್ನೆ. ಅತಿಥಿಗಳು ನೋಡಿದರೆ ಇನ್ನೊಂದು ಕಂಬಳಿ ಕೇಳುತ್ತಿರುತ್ತಾರೆ. ಅದಕ್ಕೇ ಗಂಟೆ ಗಂಟೆಯ ಲೆಕ್ಕ ಬೇಕು: ರಾತ್ರಿ ಹತ್ತರಿಂದ ಬೆಳಿಗ್ಗೆ ಏಳರವರೆಗೆ ಹೊರಗೆ ಸರಾಸರಿ 15 ಇದ್ದರೆ 18ಕ್ಕೆ 3 ಕಮ್ಮಿ, ಒಂಬತ್ತು ಗಂಟೆಗಳಿಗೆ ಒಟ್ಟು 27, ಅದನ್ನು 24ರಿಂದ ಭಾಗಿಸಿದರೆ ಒಂದು ಡಿಗ್ರಿ ಡೇಗಿಂತ ತುಸು ಜಾಸ್ತಿ. ಮಲೆನಾಡಿಗೆ ಇದೇ ಸರಿಯಾದ ಲೆಕ್ಕ. ಬರೀ ಗರಿಷ್ಠ-ಕನಿಷ್ಠ ತೋರಿಸುವ ಅಗ್ಗದ ಮಾದರಿ ಬೇಡ ಅನ್ನುವುದು ಇದಕ್ಕೇ.

ಇನ್ನೊಂದು ಉಪಯೋಗ ಇದಕ್ಕಿಂತ ದೊಡ್ಡದು. ಖಾಲಿ ಕೋಣೆಯಲ್ಲಿ 1000 ವ್ಯಾಟಿನ ಆಯಿಲ್ ಹೀಟರ್ ಅನ್ನು ಮಧ್ಯೆ ಕಟ್ ಆಗದಂತೆ ರಾತ್ರಿಯಿಡೀ ಹಾಕಿ. ಖಾಲಿ ಯಾಕೆ ಅಂದರೆ ಒಬ್ಬ ಮನುಷ್ಯನ ಮೈಯೇ ಸುಮಾರು 100 ವ್ಯಾಟ್ ಶಾಖ ಕೊಡುತ್ತದೆ. ಮೊದಮೊದಲು ಗೋಡೆಗಳು ಬಿಸಿ ಹೀರಿಕೊಳ್ಳುತ್ತವೆ, ಹಾಗಾಗಿ ಬೆಳಗಿನ ಜಾವದ ರೀಡಿಂಗ್ ನೋಡಿ. ಹೊರಗಿಗಿಂತ ಒಳಗೆ 5 ಡಿಗ್ರಿ ಮಾತ್ರ ಜಾಸ್ತಿ ಇದ್ದರೆ, ಒಂದೊಂದು ಡಿಗ್ರಿ ವ್ಯತ್ಯಾಸಕ್ಕೂ ಕೋಣೆ 200 ವ್ಯಾಟ್ ಕಳೆದುಕೊಳ್ಳುತ್ತಿದೆ ಅಂತರ್ಥ. ಶಿವಮೊಗ್ಗದ ಅಂಗಡಿಯೊಂದರಲ್ಲಿ ಕೋಣೆ ಹೇಗಿದೆ ಅಂತ ಒಂದು ಮಾತೂ ಕೇಳದೆ ಎಲ್ಲದಕ್ಕೂ 2000 ವ್ಯಾಟಿನದ್ದೇ ತಗೊಳ್ಳಿ ಅಂದರು. ಅದು ಪೂರ್ತಿ ಉರಿದರೆ ಗಂಟೆಗೆ ಎರಡು ಯೂನಿಟ್! ನಮ್ಮ ಬರೀ ಹೆಂಚಿನ ಕೋಣೆಯಲ್ಲಿ ಬಿಸಿಗಾಳಿ ಹೆಂಚಿನ ಸಂದಿಯಿಂದಲೇ ಹೊರಟುಹೋಗುತ್ತಿತ್ತು. ಆ ದುಡ್ಡಿಗೆ ಹಲಗೆ ಮುಚ್ಚಿಗೆ ಹಾಕಿಸಿದೆವು, 1000 ವ್ಯಾಟ್ ಸಾಕಾಯಿತು. ಅಂದಹಾಗೆ, ಆಯಿಲ್ ಇರಲಿ ಕಾಯಿಲ್ ಇರಲಿ, ಒಂದು ಯೂನಿಟ್ ಕರೆಂಟಿಗೆ ಸಿಗುವ ಶಾಖ ಒಂದೇ.

ಕೊರತೆ ಇಲ್ಲ ಅಂತಲ್ಲ. ಜಂಬಿಟ್ಟಿಗೆಯ ದಪ್ಪ ಗೋಡೆ ದಾಟುವಾಗ ಸಿಗ್ನಲ್ ಸೋಲುತ್ತದೆ. ಸೆನ್ಸರನ್ನು ಉತ್ತರದ ಸೂರಿನಡಿ, ಬಿಸಿಲೂ ಇರಚಲೂ ತಾಗದ ಕಡೆ ಕಟ್ಟಿ. ಬಚ್ಚಲೊಲೆ ಹತ್ತಿರ ಬೇಡವೇ ಬೇಡ. ಒದ್ದೆಯಾದರೆ ನೀರು ಆರುವಾಗ ತಣ್ಣಗಾಗಿ ಕಮ್ಮಿ ತೋರಿಸುತ್ತದೆ.

ಮಳೆಗಾಲಕ್ಕೆ ಈ ಡಿಗ್ರಿ ಲೆಕ್ಕ ಹೊಂದುವುದಿಲ್ಲ. ಆಗುಂಬೆ ಕಡೆ ಜುಲೈನಲ್ಲಿ ಹೀಟರ್ ಹಾಕುವುದು ಬಟ್ಟೆ ಒಣಗಿಸುವುದಕ್ಕೆ ಅಲ್ವಾ? ಒಂದು ಲೀಟರ್ ನೀರು ಆರಲು ಸುಮಾರು 0.7 ಯೂನಿಟ್ ಶಾಖ ಬೇಕು, ಹೊರಗೆ ಚಳಿ ಇದ್ದರೂ ಇಲ್ಲದಿದ್ದರೂ. ತೇವಾಂಶವನ್ನೂ ತೋರಿಸುವ ಮಾದರಿ ಸಿಕ್ಕರೆ ಸ್ವಲ್ಪ ದುಬಾರಿಯಾದರೂ ಅದನ್ನೇ ತಗೊಳ್ಳಿ.