ಆರ್‌ಎಸ್-1 ಇಮಲ್ಷನ್: ಟ್ಯಾಕ್ ಕೋಟ್‌ಗೆ ಒಳ್ಳೆಯ ಮಾಲು, ಧೂಳಿನ ಮೇಲೆ ಮಾತ್ರ ದಂಡ

ಹಳೆ ಡಾಂಬರಿನ ಮೇಲೆ ಹೊಸ ಪದರ ಹಾಕುವ ಮುನ್ನ, ಎರಡೂ ಅಂಟಿಕೊಳ್ಳಲೆಂದು ಹೊಡೆಯುವ ತೆಳು ಲೇಪವೇ ಟ್ಯಾಕ್ ಕೋಟ್. ಅದಕ್ಕೆ ಆರ್‌ಎಸ್-1, ಅಂದರೆ ಡಾಂಬರನ್ನು ಸಣ್ಣ ಹನಿಗಳಾಗಿ ನೀರಿನಲ್ಲಿ ಬೆರೆಸಿದ ಇಮಲ್ಷನ್, ತುಂಬ ಸಲೀಸು. ಸೀಮೆಎಣ್ಣೆ ಬೆರೆಸಿ ತೆಳುವಾಗಿಸಿದ ಡಾಂಬರಿಗೆ (ಕಟ್‌ಬ್ಯಾಕ್) ಇರುವ ಬೆಂಕಿಯ ಭಯ ಇದಕ್ಕಿಲ್ಲ. ಭಾರತೀಯ ಮಾನಕ ಐಎಸ್ 8887ರ ಪ್ರಕಾರ ಇದರ ತೂಕದಲ್ಲಿ ಕನಿಷ್ಠ ಶೇ. 60 ಡಾಂಬರು ಇರಬೇಕು, ಉಳಿದದ್ದು ಬಹುಪಾಲು ನೀರು. ಅಂದರೆ ಚದರ ಮೀಟರಿಗೆ 0.25 ಕೆಜಿ ಹೊಡೆದರೆ ಕೊನೆಗೆ ನಿಲ್ಲುವ ಅಂಟು ಸುಮಾರು 150 ಗ್ರಾಂ. ಸೈಟಿನಲ್ಲಿ ಇದಕ್ಕೆ ಮತ್ತೆ ನೀರು ಸುರಿಯುವುದು ರಸ್ತೆಗೆ ಬಗೆಯುವ ದ್ರೋಹವೇ ಸರಿ.

ಡ್ರಮ್ಮನ್ನು ಮೊದಲು ನಿಧಾನಕ್ಕೆ ಹಿಂದೆ ಮುಂದೆ ಉರುಳಿಸಿ. ತಳದಲ್ಲಿ ಗಟ್ಟಿ ಕೂತಿರುತ್ತದೆ. ಡಬ್ಬಕ್ಕೆ ತೂತು ಕೊರೆದು ಚೆಲ್ಲಿದರೆ ಪಟ್ಟೆಪಟ್ಟೆಯಾಗುತ್ತದೆ, ಸಾಲು ನಳಿಕೆಗಳಿಂದ ಸಮನಾಗಿ ಸಿಂಪಡಿಸುವ ಸ್ಪ್ರೇ ಬಾರ್ ಇರುವ ಗಾಡಿಯೇ ಬೇಕು. ಹೊಡೆದಾಗ ಕಂದು ಬಣ್ಣ. ನೀರು ಬಿಟ್ಟು ಪೂರ್ತಿ ಕಪ್ಪಾಗುವ ತನಕ ಟಿಪ್ಪರ್ ಬಿಡಬೇಡಿ, ಚಕ್ರವೇ ಅಂಟನ್ನು ಎತ್ತಿಕೊಂಡು ಹೋಗುತ್ತದೆ.

ಧೂಳು ಗುಡಿಸದಿದ್ದರೆ ಇದು ಧೂಳಿಗಷ್ಟೇ ಅಂಟುತ್ತದೆ. ಬಸ್ ನಿಲ್ದಾಣದ ಮುಂದೆ, ಘಾಟಿಯ ತಿರುವಿನಲ್ಲಿ ಬ್ರೇಕ್ ಬಿದ್ದಾಗ ಮೇಲ್ಪದರ ಜಾರಿ ಅರ್ಧಚಂದ್ರಾಕಾರದ ಬಿರುಕು ಬಿಡುತ್ತದೆ. ಹಾಗೆಂದು ಹೆಚ್ಚು ಸುರಿದರೂ ಪದರ ಜಾರುತ್ತದೆ. ಹೊಡೆಯುವ ಜಾಗದಲ್ಲಿ ಒಂದು ಟ್ರೇ ಇಟ್ಟು, ಅದರಲ್ಲಿ ಬಿದ್ದದ್ದನ್ನು ತೂಗಿ ನೋಡಿ, ಚದರ ಮೀಟರಿಗೆ 0.20ರಿಂದ 0.30 ಕೆಜಿಯೊಳಗೆ ಇರಲಿ.